ದಸರಾ ಮುಗಿದ ಮೇಲೆ ಹೂಪಾತಿಯ ಬೋಳು ತುಂಬುವುದು: ತಡ ಬಿತ್ತನೆಗೆ ಹೂ ಆರಿಸುವ ಸಮಗ್ರ ಮಾರ್ಗದರ್ಶಿ

ಅಕ್ಟೋಬರ್ ಮೂರನೇ ವಾರ. ಗೌರಿ ಹಬ್ಬದ ಹೊತ್ತಿಗೆ ಮೈತುಂಬ ಹೂ ಬಿಟ್ಟಿದ್ದ ಕರ್ಣಕುಂಡಲ ಈಗ ಕಾಯಿ ಸಿಡಿಸಿ ಒಣಗಿ ನಿಂತಿದೆ. ಮಳೆಗೆ ಎರಡು ಜೀನಿಯಾ ಬುಡ ಕೊಳೆತು ಮಲಗಿವೆ. ಪಾತಿಯ ಮಧ್ಯೆ ಹಲ್ಲು ಬಿದ್ದ ಬಾಯಿಯ ಹಾಗೆ ಮೂರು ಕಡೆ ಬೋಳು. ಚಳಿಗಾಲದ ಹೂಗಳನ್ನು ಆಗಸ್ಟ್, ಸೆಪ್ಟೆಂಬರಿನಲ್ಲೇ ಬಿತ್ತಬೇಕಿತ್ತು, ಬಿತ್ತಲಿಲ್ಲ. ಈಗೇನು ಮಾಡುವುದು?

ಮೈಸೂರು, ಬೆಂಗಳೂರು, ತುಮಕೂರು, ಹಾಸನದ ಕಡೆಯವರಿಗೆ ಇನ್ನೂ ಕಾಲ ಮಿಂಚಿಲ್ಲ. ನಮ್ಮಲ್ಲಿ ಹಿಮ ಬಿದ್ದು ಗಿಡ ಸುಟ್ಟುಹೋಗುವ ಭಯವಿಲ್ಲ. ಆದರೆ ಬೀಜದ ಪೊಟ್ಟಣದ ಮೇಲಿನ ಚಿತ್ರ ನೋಡಿ ಹೂ ಆರಿಸುವ ಅಭ್ಯಾಸವನ್ನು ಈ ಒಂದು ಸಲ ಬಿಡಬೇಕು. ತಡ ಬಿತ್ತನೆಯಲ್ಲಿ ಮೊದಲು ದಿನ ಎಣಿಸಬೇಕು, ಬಣ್ಣದ ಮಾತು ಆಮೇಲೆ. ನಾನು ಇದನ್ನು ಕಲಿತದ್ದು ಒಂದು ಇಡೀ ಆಸ್ಟರ್ ಮಡಿಯನ್ನು ಹಾಳುಮಾಡಿಕೊಂಡ ಮೇಲೆ. ಆ ಕತೆ ಮುಂದೆ ಬರುತ್ತದೆ.

ಮೊದಲು: ಗಿಡ ಹೋದದ್ದು ಯಾಕೆ?

ಬೋಳಾದ ಜಾಗಕ್ಕೆ ಬೀಜ ಚೆಲ್ಲುವ ಮುಂಚೆ ಸತ್ತ ಗಿಡವನ್ನು ಬೇರುಸಮೇತ ಕಿತ್ತು ನೋಡಿ. ಐದು ನಿಮಿಷದ ಕೆಲಸ, ಆದರೆ ಮುಂದಿನ ಆಯ್ಕೆಯ ಅರ್ಧ ಭಾಗ ಅಲ್ಲೇ ತೀರ್ಮಾನವಾಗುತ್ತದೆ.

ಬೇರು ಕಂದಾಗಿ, ಹಿಸುಕಿದರೆ ಸಿಪ್ಪೆ ಕಳಚಿಕೊಂಡು ಬಂದರೆ ಅದು ಕೊಳೆ. ಅಲ್ಲಿ ನೀರು ನಿಲ್ಲುತ್ತಿದೆ. ನಮ್ಮ ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆಯವು. ಹಿಂಗಾರು ನವೆಂಬರಿನಲ್ಲೂ ಒಂದೆರಡು ಸಲ ಬಂದು ಹೋಗುತ್ತದೆ. ಅಂಥ ಕಡೆ ಮಣ್ಣನ್ನು ನಾಲ್ಕು ಬೆರಳು ಏರಿಸದೆ ಏನು ನೆಟ್ಟರೂ ಮತ್ತೆ ಅದೇ ಗತಿ.

ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳು. ಕರ್ಣಕುಂಡಲಕ್ಕೆ ಇದರ ಕಾಟ ಬಹಳ. ಅದೇ ಜಾಗಕ್ಕೆ ಮತ್ತೆ ಕರ್ಣಕುಂಡಲವನ್ನಾಗಲೀ ಕೋಳಿಜುಟ್ಟನ್ನಾಗಲೀ ಹಾಕಬೇಡಿ, ಚೆಂಡು ಹೂ ಹಾಕಿ. ಚೆಂಡು ಹೂವಿನ ಬೇರು ಈ ಹುಳುವನ್ನು ತಗ್ಗಿಸುತ್ತದೆ ಎಂದೇ ತರಕಾರಿ ಬೆಳೆಯುವವರು ಟೊಮೆಟೊ ಸಾಲಿನ ನಡುವೆ ಅದನ್ನು ಹಾಕುವುದು. ಒಂದು ಗಿಡ ನೆಟ್ಟರೆ ಸಾಲದು, ಒತ್ತಾಗಿ ನೆಡಬೇಕು.

ಬೇರೇ ಇಲ್ಲದೆ, ಯಾರೋ ಕತ್ತರಿಸಿದ ಹಾಗೆ ಗಿಡ ಕೈಗೆ ಬಂದರೆ ಗೊಣ್ಣೆ ಹುಳು. ಒಂದು ಗೇಣು ಆಳ ಅಗೆದರೆ ಬಿಳಿ ಬಣ್ಣದ್ದು, ಇಂಗ್ಲಿಷಿನ ಸಿ ಅಕ್ಷರದಂತೆ ಸುರುಳಿಯಾಗಿ ಸಿಗುತ್ತದೆ. ಕೈಯಿಂದಲೇ ಹೆಕ್ಕಿ ತೆಗೆಯಿರಿ. ಕಾಗೆಗಳು ಪಕ್ಕದಲ್ಲೇ ಕಾಯುತ್ತಿರುತ್ತವೆ, ಅವಕ್ಕೆ ಬಿಟ್ಟುಕೊಟ್ಟರೂ ಆಯಿತು.

ಈ ಮೂರೂ ಅಲ್ಲದೆ ಗಿಡ ತನ್ನ ಆಯುಸ್ಸು ಮುಗಿಸಿ ಹೋಗಿದ್ದರೆ ಬಹಳ ಸಲೀಸು. ಮುಂದಿನ ಹೆಜ್ಜೆಗೆ ಹೋಗಿ.

ಎರಡನೆಯದು: ಡಿಸೆಂಬರಿನ ಬಿಸಿಲನ್ನು ಈಗಲೇ ಅಳೆಯುವುದು

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಆಗಸ್ಟ್ ಮೂರನೇ ವಾರದ ಸುಮಾರಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ. ಡಿಸೆಂಬರ್ 21ರ ಹೊತ್ತಿಗೆ ಅದೇ ಮಧ್ಯಾಹ್ನದಲ್ಲಿ ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 36 ಡಿಗ್ರಿ ವಾಲಿರುತ್ತಾನೆ. ಆರು ಅಡಿ ಎತ್ತರದ ಕಾಂಪೌಂಡ್ ಗೋಡೆ ಪಾತಿಯ ದಕ್ಷಿಣಕ್ಕಿದ್ದರೆ, ಗೋಡೆಯ ಬುಡದಿಂದ ನಾಲ್ಕು ಅಡಿಗೂ ಮೀರಿ ನೆರಳು ಚಾಚುತ್ತದೆ, ಅದೂ ನಡುಹಗಲಿನಲ್ಲಿ. ಆಗಸ್ಟಿನಲ್ಲಿ ಝಳ ಹೊಡೆಯುತ್ತಿದ್ದ ಜಾಗಕ್ಕೆ ಡಿಸೆಂಬರಿನಲ್ಲಿ ಬಿಸಿಲೇ ತಾಗದಿರಬಹುದು. ಹಾಗಾಗಿ ಈಗಿನ ಬಿಸಿಲನ್ನು ನಂಬಿ ಹೂ ಆರಿಸಬೇಡಿ. ಪಾತಿಯ ದಕ್ಷಿಣಕ್ಕೆ ಗೋಡೆಯೋ ಮನೆಯೋ ಇದ್ದರೆ, ಅದರ ಎತ್ತರದ ಮುಕ್ಕಾಲು ಭಾಗದಷ್ಟು ದೂರವನ್ನು ನೆಲದ ಮೇಲೆ ಅಳೆದು ಒಂದು ಕಲ್ಲಿಡಿ. ಕಲ್ಲಿನಿಂದ ಗೋಡೆಯ ಕಡೆಗಿರುವುದೆಲ್ಲ ಚಳಿಗಾಲದ ನೆರಳಿನ ಜಾಗ.

ಆ ನೆರಳಿನ ಜಾಗಕ್ಕೆ ಬೀಜದಿಂದ ಹೂ ತರುವ ಆಸೆ ಬಿಡುವುದೇ ಒಳ್ಳೆಯದು. ಕೋಲಿಯಸ್ ಕಡ್ಡಿ ಚುಚ್ಚಿ, ಎರಡು ವಾರದೊಳಗೆ ಬೇರು ಹಿಡಿಯುತ್ತದೆ, ಎಲೆಯ ಬಣ್ಣವೇ ಹೂವಿನ ಕೆಲಸ ಮಾಡುತ್ತದೆ. ಬೆಳಿಗ್ಗೆ ಮೂರು ತಾಸು ಬಿಸಿಲು ಬಿದ್ದರೆ ಕರ್ಣಕುಂಡಲ ಹೇಗೋ ನಿಭಾಯಿಸುತ್ತದೆ. ಚೆಂಡು ಹೂ, ಜೀನಿಯಾ, ಕಾಸ್ಮಾಸ್, ಸೂರ್ಯಕಾಂತಿಗೆ ಐದಾರು ತಾಸು ಬೇಕೇ ಬೇಕು.

ಮೂರನೆಯದು: ಸಂಕ್ರಾಂತಿಯಿಂದ ಹಿಂದಕ್ಕೆ ಎಣಿಸಿ

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತದೆ ಎನ್ನುತ್ತಾರಲ್ಲ, ಹೂಪಾತಿಗೂ ಅದೇ ಗಡಿ. ಶಿವರಾತ್ರಿ ಕಳೆದ ಮೇಲೆ ಬಿಸಿಲು ಚುರುಕಾಗುತ್ತದೆ. ತಂಪು ಬಯಸುವ ಹೂಗಳು ಸೊರಗುತ್ತವೆ. ಚೆಂಡು ಹೂವಿಗೆ ನುಸಿ ಬೀಳುತ್ತದೆ. ಗಿಡ ಒಂದು ತಿಂಗಳಾದರೂ ಚೆನ್ನಾಗಿ ಹೂ ಬಿಟ್ಟರೆ ಮಾತ್ರ ಪಟ್ಟ ಪಾಡು ಸಾರ್ಥಕ. ಅಂದರೆ ಸಂಕ್ರಾಂತಿಯ ಹೊತ್ತಿಗೆ ಮೊದಲ ಹೂ ಅರಳಿರಬೇಕು. ನಾನು ಹಿಡಿದುಕೊಳ್ಳುವ ಲೆಕ್ಕ ಇಷ್ಟೇ.

ಅಕ್ಟೋಬರ್ 20ಕ್ಕೆ ಬಿತ್ತಿದರೆ ಸಂಕ್ರಾಂತಿಗೆ 86 ದಿನ ಸಿಗುತ್ತದೆ. ನವೆಂಬರ್ 10ಕ್ಕೆ 65. ಡಿಸೆಂಬರ್ 1ಕ್ಕೆ 44. ಇದರಲ್ಲಿ ಏಳು ದಿನ ಚಳಿಗೆ ಕಳೆಯಿರಿ, ಏಕೆಂದರೆ ಬೆಚ್ಚಗಿದ್ದಾಗ ನಾಲ್ಕು ದಿನಕ್ಕೆ ಮೊಳೆಯುವ ಜೀನಿಯಾ ಡಿಸೆಂಬರಿನ ಚಳಿಯಲ್ಲಿ ಎಂಟು ದಿನ ತೆಗೆದುಕೊಳ್ಳುತ್ತದೆ. ಉಳಿದದ್ದು ನಿಮ್ಮ ಕೈಯಲ್ಲಿರುವ ನಿಜವಾದ ದಿನ.

ಈಗ ಹೂವಿನ ಕಡೆಯ ಲೆಕ್ಕ. ಬಿತ್ತಿದಂದಿನಿಂದ ಮೊದಲ ಹೂವಿನವರೆಗೆ ಹೆಚ್ಚುಕಡಿಮೆ ಹೀಗೆ. ಕಿತ್ತಳೆ, ಹಳದಿ ಬಣ್ಣದ ಕಾಸ್ಮಾಸ್ 45ರಿಂದ 50 ದಿನ. ಕುಳ್ಳು ಫ್ರೆಂಚ್ ಚೆಂಡು ಹೂ 45ರಿಂದ 50. ಅಲಿಸಮ್ 45ರಿಂದ 55. ಜೀನಿಯಾ, ಕರ್ಣಕುಂಡಲ, ನಾಸ್ಟರ್ಷಿಯಂ 50ರಿಂದ 60. ಕುಳ್ಳು ಸೂರ್ಯಕಾಂತಿ 55ರಿಂದ 65. ಹಾರ ಕಟ್ಟುವ ದಪ್ಪ ಚೆಂಡು ಹೂ 60ರಿಂದ 70. ಕೋಳಿಜುಟ್ಟು, ಫ್ಲಾಕ್ಸ್ 70ರಿಂದ 80. ಗೈಲಾರ್ಡಿಯಾ 75 ದಾಟುತ್ತದೆ. ಆಸ್ಟರ್, ಪೆಟುನಿಯಾ, ಡಯಾಂಥಸ್, ಪ್ಯಾನ್ಸಿ ಎಲ್ಲ ಮೂರು ತಿಂಗಳ ಗಿರಾಕಿಗಳು.

ಹಾಗಾದರೆ ಅಕ್ಟೋಬರ್ ಮುಗಿಯುವುದರೊಳಗೆ ಕೋಳಿಜುಟ್ಟು, ಫ್ಲಾಕ್ಸ್‌ವರೆಗೂ ಧೈರ್ಯ ಮಾಡಬಹುದು. ನವೆಂಬರ್ ಹತ್ತರ ನಂತರ ಜೀನಿಯಾ, ಕರ್ಣಕುಂಡಲದ ಈಚೆಗೇ ಇರಿ. ತಿಂಗಳ ಕೊನೆಯಾದರೆ ಕಿತ್ತಳೆ ಕಾಸ್ಮಾಸ್, ಫ್ರೆಂಚ್ ಚೆಂಡು ಹೂ ಎರಡೇ, ಅದೂ ಸಂಕ್ರಾಂತಿ ದಾಟಿ ವಾರ ಹತ್ತು ದಿನಕ್ಕೆ ಅರಳಿದರೆ ಸಾಕು ಎಂಬ ಒಪ್ಪಂದದ ಮೇಲೆ. ಡಿಸೆಂಬರಿನಲ್ಲಿ ಬೀಜದ ಪೊಟ್ಟಣ ತೆರೆಯುವುದಾದರೆ ಚಳಿಗಾಲದ ಹೂ ಮರೆತು, ಬೇಸಿಗೆಗೆ ತಡೆಯುವ ಗಾಂಫ್ರಿನಾ, ಜೀನಿಯಾ ಕಡೆ ತಿರುಗಿ.

ಇನ್ನು ನನ್ನ ಆಸ್ಟರ್ ಕತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಕಾಮಿನಿ, ಪೂರ್ಣಿಮಾ, ಶಶಾಂಕ, ವೈಲೆಟ್ ಕುಶನ್ ತಳಿಗಳ ಹೆಸರು ಹೂ ಬೆಳೆಯುವವರಿಗೆಲ್ಲ ಗೊತ್ತು. ಆ ನೇರಳೆ, ಗುಲಾಬಿ ಬಣ್ಣದ ಮೇಲಿನ ಮೋಹಕ್ಕೆ ಒಂದು ವರ್ಷ ನವೆಂಬರ್ ಮೂರನೇ ವಾರ ಆಸ್ಟರ್ ಬಿತ್ತಿದೆ. ಸಸಿ ಚೆನ್ನಾಗಿಯೇ ಎದ್ದಿತು. ಆದರೆ ಆಸ್ಟರಿನ ಕಾಂಡ ಉದ್ದವಾಗಬೇಕಾದರೆ ಹಗಲು ದೊಡ್ಡದಿರಬೇಕು. ಡಿಸೆಂಬರಿನಲ್ಲಿ ಅದು ಮೂಲಂಗಿ ಸೊಪ್ಪಿನ ಹಾಗೆ ನೆಲಕ್ಕಂಟಿ ಕೂತಿತು. ಫೆಬ್ರವರಿ ಕೊನೆಗೆ ಒಂದು ಗೇಣು ಕಡ್ಡಿಯ ಮೇಲೆ ಮೊಗ್ಗು, ಮಾರ್ಚ್ ಬಿಸಿಲಿಗೆ ಅಂಚು ಸುಟ್ಟ ಹೂ. ತಪ್ಪು ಬೀಜದ್ದಲ್ಲ, ನನ್ನದು.

ಚಿಕ್ಕ ಹಗಲನ್ನು ನಮ್ಮ ಕಡೆ ಮಾಡಿಕೊಳ್ಳುವುದು

ಆಸ್ಟರಿಗೆ ಮುಳುವಾದ ಚಿಕ್ಕ ಹಗಲೇ ಬೇರೆ ಕೆಲವಕ್ಕೆ ವರ. ಜೂನಿನಲ್ಲಿ ನಮ್ಮ ಹಗಲು 13 ಗಂಟೆಗೆ ತುಸು ಕಡಿಮೆ ಇದ್ದರೆ, ಡಿಸೆಂಬರಿನಲ್ಲಿ 11 ಗಂಟೆ 25 ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಒಂದೂವರೆ ಗಂಟೆಯ ಈ ವ್ಯತ್ಯಾಸ ನಮಗೆ ಗೊತ್ತೂ ಆಗುವುದಿಲ್ಲ, ಗಿಡಕ್ಕೆ ಗೊತ್ತಾಗುತ್ತದೆ. ದಪ್ಪ ಚೆಂಡು ಹೂ, ಕಾಸ್ಮಾಸ್, ಜೀನಿಯಾ ಹಗಲು ಕುಗ್ಗಿದಂತೆ ಬೇಗ ಮೊಗ್ಗು ಕಟ್ಟುತ್ತವೆ. ಗುಂಡ್ಲುಪೇಟೆ ದಾರಿಯಲ್ಲಿ ಜೂನ್, ಜುಲೈ ತಿಂಗಳಲ್ಲಿ ನೋಡುವ ಸೊಂಟದೆತ್ತರದ ಚೆಂಡು ಹೂವಿನ ಹೊಲ ನೆನಪಿಸಿಕೊಳ್ಳಿ. ಅದೇ ಜಾತಿಯನ್ನು ನವೆಂಬರಿನಲ್ಲಿ ಬಿತ್ತಿದರೆ ಮೊಣಕಾಲೆತ್ತರಕ್ಕೇ ಹೂ ಬಿಡುತ್ತದೆ.

ಇದರಿಂದ ಎರಡು ಪಾಠ. ಒಂದು, ಪೊಟ್ಟಣದ ಮೇಲೆ ಬರೆದ ಅಂತರವನ್ನು ಪಾಲಿಸಬೇಡಿ. ಒಂದೂವರೆ ಅಡಿ ಅಂದಿದ್ದರೆ ಒಂದಡಿಗೇ ನೆಡಿ, ಕುಳ್ಳು ತಳಿಯಾದರೆ ಮುಕ್ಕಾಲು ಅಡಿ ಸಾಕು. ಗಿಡ ಹರಡಿ ಬೋಳು ತುಂಬೀತು ಎಂದು ಕಾದರೆ ತುಂಬುವುದಿಲ್ಲ. ಎರಡು, ಎತ್ತರದ ಲೆಕ್ಕದಲ್ಲೂ ಕಾಲು ಭಾಗ ಕಳೆಯಿರಿ.

ಅಕ್ಕಪಕ್ಕದವರು

ಎರಡಡಿ ಬೆಳೆದ ಸಾಲ್ವಿಯಾ ನಡುವಿನ ಒಂದಡಿ ಜಾಗಕ್ಕೆ ಅಲಿಸಮ್ ಬಿತ್ತಿದರೆ ಅದು ಬಾವಿಯೊಳಗೆ ಬಿದ್ದಂತೆಯೇ. ನಡುವಿನ ಬೋಳಿಗೆ ಪಕ್ಕದ ಗಿಡದ ಮುಕ್ಕಾಲು ಎತ್ತರವಾದರೂ ಬರುವಂಥದ್ದು ಬೇಕು. ಅಂಥಲ್ಲಿ ನನ್ನ ಮೊದಲ ಆಯ್ಕೆ ಕಿತ್ತಳೆ ಕಾಸ್ಮಾಸ್. ಸಣಕಲು ಮೈ, ಇಕ್ಕಟ್ಟಿನಲ್ಲೂ ತೂರಿಕೊಂಡು ಮೇಲೆ ಬಂದು ಅರಳುತ್ತದೆ. ಬಡ ಮಣ್ಣಾದರೂ ದೂರುವುದಿಲ್ಲ. ಗುಲಾಬಿ, ಬಿಳಿಯ ಕಾಸ್ಮಾಸ್ ನೋಡಲು ಇನ್ನೂ ಚೆಂದ, ಆದರೆ ಹೂವಿಗೆ ಹತ್ತು ಹದಿನೈದು ದಿನ ಹೆಚ್ಚು ಬೇಕು, ಗಾಳಿಗೆ ಬೇಗ ಒರಗುತ್ತದೆ.

ಪಾತಿಯ ಅಂಚಿನ ಬೋಳಿಗೆ ಫ್ರೆಂಚ್ ಚೆಂಡು ಹೂ, ಅಲಿಸಮ್, ನಾಸ್ಟರ್ಷಿಯಂ. ಹಿಂದಿನ ಸಾಲಿಗೆ ದಪ್ಪ ಚೆಂಡು ಹೂ ಅಥವಾ ಸೂರ್ಯಕಾಂತಿ. ನಾಸ್ಟರ್ಷಿಯಂ ಬಗ್ಗೆ ಒಂದು ಎಚ್ಚರಿಕೆ: ಗೊಬ್ಬರ ಹೆಚ್ಚಾದರೆ ಬರೀ ಎಲೆ. ಆ ಎಲೆಯನ್ನೂ ಚಟ್ನಿ, ಕೋಸಂಬರಿಗೆ ಹಾಕಬಹುದು, ಸಾಸಿವೆಯ ಖಾರ ಇರುತ್ತದೆ, ಆದರೆ ನೀವು ಬಿತ್ತಿದ್ದು ಹೂವಿಗಲ್ಲವೆ?

ಮೂರು ಬೋಳಿದ್ದರೆ ಮೂರು ಬಗೆ ತರಬೇಡಿ. ಒಂದೇ ಹೂವನ್ನು ಮೂರೂ ಕಡೆ, ಒಂದೊಂದು ಕಡೆ ಮೂರು ಇಲ್ಲವೇ ಐದು ಸಸಿಯಂತೆ ಗುಂಪಾಗಿ ನೆಟ್ಟರೆ ಪಾತಿ ಮೊದಲಿಂದಲೂ ಹಾಗೇ ಯೋಜಿಸಿದಂತೆ ಕಾಣುತ್ತದೆ. ಮಿಕ್ಸ್ ಎಂದು ಬರೆದ ಪೊಟ್ಟಣಗಳ ಮೇಲೆ ನನಗೆ ನಂಬಿಕೆಯಿಲ್ಲ. ಐದು ಸಸಿಗೆ ಐದು ಬಣ್ಣ ಬಂದರೆ ತೇಪೆ ಎದ್ದು ಕಾಣುತ್ತದೆ.

ಬೀಜದ ಪರೀಕ್ಷೆ

ತಡವಾದಾಗ ಮತ್ತೆ ಬಿತ್ತಲು ಸಮಯವಿರುವುದಿಲ್ಲ. ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಅಡುಗೆಮನೆಯ ಬೆಚ್ಚನೆ ಮೂಲೆಯಲ್ಲಿಡಿ. ಜೀನಿಯಾ, ಚೆಂಡು ಹೂ, ಕಾಸ್ಮಾಸ್ ಐದಾರು ದಿನದಲ್ಲಿ ಉತ್ತರ ಕೊಡುತ್ತವೆ. ಏಳಕ್ಕಿಂತ ಹೆಚ್ಚು ಮೊಳೆತರೆ ಸರಿ. ನಾಲ್ಕೈದಾದರೆ ಎರಡರಷ್ಟು ಬಿತ್ತಿ. ಅದಕ್ಕೂ ಕಡಿಮೆಯಾದರೆ ಹೊಸ ಪೊಟ್ಟಣ ತನ್ನಿ. ಮೊಳೆತ ಬೀಜವನ್ನು ಎಸೆಯಬೇಡಿ, ಅವೇ ನಿಮ್ಮ ಮೊದಲ ಸಸಿಗಳು.

ಪಾತಿಯಲ್ಲೋ, ಪೇಪರ್ ಕಪ್ಪಿನಲ್ಲೋ?

ನೇರವಾಗಿ ಪಾತಿಯಲ್ಲೇ ಬಿತ್ತಿ ಎನ್ನುವವರು ಬಹಳ. ಖಾಲಿ ಮಡಿಗೆ ಅದು ಸರಿ. ಆದರೆ ಬೋಳಿನ ಸುತ್ತ ದೊಡ್ಡ ಗಿಡಗಳಿವೆ, ಅವುಗಳ ಬೇರು ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ನೆರಳಿನಲ್ಲಿ ಎಳೆ ಸಸಿ ಬೆಳಕಿಗಾಗಿ ಸೊಟ್ಟಗೆ ಎಳೆಯುತ್ತದೆ. ಇರುವೆ ಬೀಜ ಹೊತ್ತೊಯ್ಯುತ್ತದೆ, ಅಳಿಲು ಸೂರ್ಯಕಾಂತಿಯನ್ನು ಬಿಡುವುದಿಲ್ಲ, ಮಳೆಗಾಲದ ಬಸವನಹುಳು ಒಂದೇ ರಾತ್ರಿಯಲ್ಲಿ ಸಾಲು ಬೋಳಿಸುತ್ತದೆ. ನಾನು ಕಪ್ಪಿನ ಪಕ್ಷ.

ಟೀ ಕುಡಿಯುವ ಪೇಪರ್ ಕಪ್‌ಗೆ ತಳದಲ್ಲಿ ಎರಡು ತೂತು ಹಾಕಿ. ತೆಂಗಿನ ನಾರಿನ ಪುಡಿ ಎರಡು ಪಾಲು, ಎರೆಗೊಬ್ಬರ ಒಂದು ಪಾಲು ಬೆರೆಸಿ ತುಂಬಿ. ನಾರಿನ ಪುಡಿಯನ್ನು ಎರಡು ಸಲ ನೀರಿನಲ್ಲಿ ತೊಳೆದು ಹಿಂಡಿಕೊಂಡರೆ ಉಪ್ಪಿನಂಶ ಹೋಗುತ್ತದೆ. ಕಪ್ಪಿಗೆ ಎರಡು ಬೀಜ, ಬೀಜ ಎಷ್ಟು ದಪ್ಪವೋ ಅದರ ಎರಡರಷ್ಟು ಆಳ. ಅಲಿಸಮ್‌ನಂಥ ಪುಡಿ ಬೀಜವನ್ನು ಮೇಲೆ ಉದುರಿಸಿ ಒತ್ತಿದರೆ ಸಾಕು. ನಾಸ್ಟರ್ಷಿಯಂ ಬೀಜ ಗಟ್ಟಿ, ರಾತ್ರಿ ನೆನೆಹಾಕಿ. ಎರಡೂ ಮೊಳೆತರೆ ಸೊರಗಿದ್ದನ್ನು ಕತ್ತರಿಯಿಂದ ಕತ್ತರಿಸಿ, ಕೀಳಬೇಡಿ, ಪಕ್ಕದ್ದರ ಬೇರು ಅಲುಗುತ್ತದೆ.

ಮೊಳೆತ ಕ್ಷಣದಿಂದಲೇ ಬಿಸಿಲಿಗೆ ಬರಲಿ. ಬೆಳಿಗ್ಗೆ ಒಂದೇ ಸಲ ನೀರು. ಸಂಜೆ ನೀರು ಹಾಕಿದ ಮೇಲೆ ಮೋಡ ಮುಚ್ಚಿಕೊಂಡರೆ ಬುಡ ಕೊಳೆತು ಸಸಿಗಳು ದಾರದಂತೆ ಮಲಗುತ್ತವೆ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಟ್ರೈಕೊಡರ್ಮಾ ಎಂಬ, ಕೊಳೆರೋಗ ತಡೆಯುವ ಶಿಲೀಂಧ್ರದ ಪುಡಿಯನ್ನು ಮಣ್ಣಿಗೆ ಬೆರೆಸಿದ್ದರೆ ಈ ಕಾಟ ಕಡಿಮೆ. ಇಪ್ಪತ್ತು ದಿನಕ್ಕೆ ನಾಲ್ಕು ಎಲೆ ಬರುತ್ತದೆ, ನಾಟಿಗೆ ಹದ.

ಸೂರ್ಯಕಾಂತಿ, ನಾಸ್ಟರ್ಷಿಯಂಗೆ ಬೇರು ಅಲುಗಿದರೆ ಮುನಿಸು, ಅವನ್ನು ಹದಿನೈದು ದಿನಕ್ಕೇ ಕಪ್ ಹರಿದು ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಿ. ಚೆಂಡು ಹೂ, ಕರ್ಣಕುಂಡಲಕ್ಕೆ ಅಷ್ಟೆಲ್ಲ ಮುಲಾಜು ಬೇಡ. ಮೊಗ್ಗು ಬಂದ ಗಿಡವನ್ನೂ ಮಣ್ಣುಸಮೇತ ಎತ್ತಿ ನೆಟ್ಟರೆ ಒಂದು ದಿನ ಬಾಡಿ ಮರುದಿನ ಎದ್ದು ನಿಲ್ಲುತ್ತವೆ. ಆದ್ದರಿಂದಲೇ ಹತ್ತು ಚೆಂಡು ಹೂ ಸಸಿಗಳನ್ನು ಹೆಚ್ಚುವರಿಯಾಗಿ ಕವರಿನಲ್ಲಿ ಬೆಳೆಸಿಟ್ಟುಕೊಳ್ಳಿ ಎನ್ನುವುದು. ಡಿಸೆಂಬರಿನಲ್ಲಿ ಇನ್ನೊಂದು ಗಿಡ ಕೈಕೊಟ್ಟರೆ ಅದೇ ದಿನ ಭರ್ತಿ.

ನಾಟಿಯ ದಿನ

ಸಂಜೆ ನಾಲ್ಕರ ಮೇಲೆ. ಬೋಳಿನ ಅಂಚಿನುದ್ದಕ್ಕೂ ಹಳೆಯ ಕುಡುಗೋಲಿನಿಂದ ಒಂದು ಗೇಣು ಆಳ ಗೀರಿ. ಪಕ್ಕದ ಗಿಡಗಳ ಬೇರು ಕತ್ತರಿಸಿಕೊಂಡು, ಹೊಸ ಸಸಿಗೆ ಎರಡು ಮೂರು ವಾರದ ಬಿಡುವು ಸಿಗುತ್ತದೆ. ಹಳೇ ಗಿಡಕ್ಕೇನೂ ಆಗುವುದಿಲ್ಲ. ಒಂದು ಚದರಡಿಗೆ ಅರ್ಧ ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಹಾಕಿ ಕೈಗುದ್ದಲಿಯಿಂದ ತಿರುಗಿಸಿ. ಯೂರಿಯಾ ಮುಟ್ಟಬೇಡಿ. ಬೇಗ ಬೆಳೆಯಲಿ ಎಂದು ಹಾಕಿದ ಯೂರಿಯಾ ಸೊಪ್ಪು ಬೆಳೆಸಿ ಹೂವನ್ನು ಹದಿನೈದು ದಿನ ಹಿಂದಕ್ಕೆ ತಳ್ಳುತ್ತದೆ. ಇರುವುದೇ ಎಂಬತ್ತು ದಿನ.

ಚಿವುಟಬೇಕೋ ಬೇಡವೋ ಎಂಬುದೂ ದಿನದ ಲೆಕ್ಕವೇ. ಚೆಂಡು ಹೂ, ಜೀನಿಯಾ, ಕಾಸ್ಮಾಸಿನ ತುದಿ ಚಿವುಟಿದರೆ ಕವಲೊಡೆದು ಹೂ ಹೆಚ್ಚಾಗುತ್ತದೆ, ಮೊದಲ ಹೂ ಮಾತ್ರ ಹತ್ತು ಹದಿನೈದು ದಿನ ತಡ. ಅಕ್ಟೋಬರಿನಲ್ಲಿ ಬಿತ್ತಿದ್ದರೆ ಚಿವುಟಿ. ನವೆಂಬರ್ ಹತ್ತರ ನಂತರದ್ದಾದರೆ ಚಿವುಟದೆ ಒತ್ತಾಗಿ ನೆಡಿ, ಕವಲಿನ ಬದಲು ಗಿಡದ ಸಂಖ್ಯೆ ಜಾಗ ತುಂಬಲಿ. ಸೂರ್ಯಕಾಂತಿ, ಕೋಳಿಜುಟ್ಟಿನ ತುದಿಗೆ ಯಾವಾಗಲೂ ಕೈ ಹಚ್ಚಬೇಡಿ.

ಆಮೇಲಿನ ಆರೈಕೆ

ಮೊದಲ ವಾರ ದಿನಾ ನೀರು, ಆಮೇಲೆ ಬೆರಳು ಚುಚ್ಚಿ ನೋಡಿ ಹಾಕಿ. ಚಳಿಗಾಲದಲ್ಲಿ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಜೀನಿಯಾ ಎಲೆಗೆ ಬೂದಿ ರೋಗ ಬರುವುದು ಡಿಸೆಂಬರಿನ ಮಾಮೂಲು. ನೀರು ಬುಡಕ್ಕೆ ಮಾತ್ರ, ರೋಗ ಕಂಡ ಕೆಳಗಿನ ಎಲೆ ಕೂಡಲೇ ತೆಗೆಯಿರಿ. ಸಸ್ಯಹೇನು ಮೊಗ್ಗಿಗೆ ಮುತ್ತಿದರೆ ಪೈಪಿನ ನೀರಿನಿಂದ ಹೊಡೆದು ಬೀಳಿಸಿದರೆ ಸಾಕು. ಬಾಡಿದ ಹೂ ದಿನಾ ಕೀಳಿ. ದೇವರಿಗೆ ಹೂ ಕೊಯ್ಯುವ ಮನೆಯಲ್ಲಿ ಇದನ್ನು ಹೇಳುವುದೇ ಬೇಡ, ಅಲ್ಲಿ ಚೆಂಡು ಹೂ ಬಾಡಲು ಬಿಡುವವರು ಯಾರು!

ಬಿತ್ತುವ ಕಾಲವೂ ಮೀರಿಹೋದರೆ

ಡಿಸೆಂಬರ್ ಹದಿನೈದು ದಾಟಿತು, ಬೋಳು ಹಾಗೇ ಇದೆ. ಆಗ ನರ್ಸರಿ ಕಡೆ ನಡೆಯಿರಿ. ಗಣರಾಜ್ಯೋತ್ಸವಕ್ಕೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಬರುವ ಹೊತ್ತಿಗೆ ಪೆಟುನಿಯಾ, ಸಾಲ್ವಿಯಾ, ಡಯಾಂಥಸ್ ಸಸಿಗಳು ಕವರಿನಲ್ಲಿ ಹೇರಳವಾಗಿ ಸಿಗುತ್ತವೆ. ಮೂರು ತಿಂಗಳ ಹೂಗಳನ್ನು ಹೀಗೆ ಕೊಂಡು ತರುವುದೇ ಜಾಣತನ. ಪೂರ್ತಿ ಅರಳಿದ ಗಿಡ ಬಿಟ್ಟು, ಎರಡು ಮೂರು ಮೊಗ್ಗಿರುವ ಕುಳ್ಳು ಗಿಡ ಆರಿಸಿ. ಕವರಿನ ತಳ ನೋಡಿ, ಬೇರು ಸುರುಳಿಯಾಗಿ ಹೊರಗೆ ಬಂದಿದ್ದರೆ ಬೇಡ.

ಸೇವಂತಿಗೆಯನ್ನು ಬೀಜದಿಂದ ಈ ಕಾಲದಲ್ಲಿ ಎಬ್ಬಿಸಲಾಗದು. ಮೊಗ್ಗಿರುವ ಕುಂಡ ತಂದು, ಕುಂಡದ ಬಾಯಿ ನೆಲಕ್ಕೆ ಸಮವಾಗುವಂತೆ ಕುಂಡಸಮೇತ ಹೂತುಬಿಡಿ. ಹೂ ಮುಗಿದ ದಿನ ಎತ್ತಿ ಹಿತ್ತಲಿಗೆ ಇಟ್ಟು, ಆ ಗುಣಿಗೆ ಇನ್ನೊಂದು ಕುಂಡ ಇಳಿಸಿ. ಫೆಬ್ರವರಿಯ ಬೋಳಿಗಂತೂ ಟೇಬಲ್ ರೋಸ್ ಒಂದೇ ಸಾಕು. ಪಕ್ಕದ ಮನೆಯವರಿಂದ ನಾಲ್ಕು ಕಡ್ಡಿ ಕೇಳಿ ತಂದು, ಬೆರಳುದ್ದದ ತುಂಡು ಚುಚ್ಚಿದರೆ ಮೂರ್ನಾಲ್ಕು ವಾರಕ್ಕೆ ಹೂ, ಬೇಸಿಗೆ ಪೂರ್ತಿ ಅದರದೇ.

ಕೊನೆಗೆ ಬೀಜ ಹಿಡಿಯುವುದು. ಕಾಸ್ಮಾಸ್, ಜೀನಿಯಾ, ಕರ್ಣಕುಂಡಲದ್ದು ಹಿಡಿಯಿರಿ. ಹೈಬ್ರಿಡ್ ಚೆಂಡು ಹೂವಿನದ್ದು ಬೇಡ, ಮುಂದಿನ ಸಲ ತಾಯಿಯಂತೆ ಬರುವುದಿಲ್ಲ. ಕರ್ಣಕುಂಡಲದ ಕಾಯಿ ಬಲಿಯುವ ಮುಂಚೆ ಅದಕ್ಕೊಂದು ತೆಳುಬಟ್ಟೆ ಕಟ್ಟಿ, ಇಲ್ಲವಾದರೆ ಮುಟ್ಟಿದ ಕೂಡಲೇ ಸಿಡಿದು ಬೀಜವೆಲ್ಲ ನೆಲದ ಪಾಲು. ನೆರಳಿನಲ್ಲಿ ವಾರ ಒಣಗಿಸಿ ಕಾಗದದ ಪೊಟ್ಟಣ ಕಟ್ಟಿ, ಮೇಲೆ ಹೂವಿನ ಹೆಸರಿನ ಜೊತೆಗೆ ಈ ವರ್ಷ ಬಿತ್ತಿದ ತಾರೀಕು, ಮೊದಲ ಹೂ ಕಂಡ ತಾರೀಕು ಎರಡನ್ನೂ ಬರೆದಿಡಿ. ನಾನು ಕೊಟ್ಟ ದಿನಗಳ ಲೆಕ್ಕ ನನ್ನ ಮೈಸೂರಿನ ಪಾತಿಗೆ ಹೊಂದಿಸಿಕೊಂಡದ್ದು. ಮುಂದಿನ ಅಕ್ಟೋಬರಿನಲ್ಲಿ ನಿಮ್ಮ ಪೊಟ್ಟಣದ ಮೇಲಿನ ಲೆಕ್ಕವನ್ನೇ ಹಿಡಿಯಿರಿ.